ಕತ್ತಿ ಮಸೆದ ಕತೆ

ಗಾಂಧಿನಗರದಲ್ಲಿ ಒಬ್ಬರ ಮೇಲೊಬ್ಬರು ಕತ್ತಿ ಮಸೆಯೋದು ಹೊಸದೇನಲ್ಲ. ಆ ಸುದ್ದಿ ಬರೆದೇ ನನ್ನ ಹೊಟ್ಟೆ ತುಂಬುತ್ತಿದೆ. ಆದರೆ ಓದುಗ ಮಹಾಶಯರೇ, ಈ ಸಲ ನಾನು ಮಸೆದದ್ದು ನಿಜವಾದ ಕತ್ತಿ. ಗಡ್ಡ ಹೆರೆಯುವ ಮಡಚುಕತ್ತಿ!

ಅದು ಅಪ್ಪನದು. ಮೂವತ್ತು ವರ್ಷ ತಾವೇ ಮಸೆದು ತಾವೇ ಹೆರೆದುಕೊಂಡವರು. ಲಕ್ವ ಹೊಡೆದು ಬಲಗೈ ಬಿದ್ದಮೇಲೆ ಆರು ವಾರ ಗಡ್ಡ ಬಿಟ್ಟುಕೊಂಡೇ ಕೂತರು. ಬ್ಲೇಡು ಬೇಡ, ಸಲೂನಿನವನೂ ಬೇಡ. "ಆ ಕತ್ತಿ ಮಸಿ, ನೀನೇ ಹೆರಿ" ಅಂದರು. ನಾನು ಪಿಯುಸಿ ಬಿಟ್ಟಾಗಿನಿಂದ ಒಂದು ಕೆಲಸವನ್ನೂ ನಂಬಿ ನನ್ನ ಕೈಗೆ ಕೊಡದ ಮನುಷ್ಯ!

ನನಗೆ ಗೊತ್ತಿದ್ದದ್ದು ಸಿನಿಮಾದ ಮಸೆತ. 1929ರ 'ಅನ್ ಶಿಯೆನ್ ಅಂದಾಲೂ' ಚಿತ್ರದ ಶುರುವಿನಲ್ಲೇ ನಿರ್ದೇಶಕ ಲೂಯಿ ಬುನ್ಯುಯೆಲ್ ಸಿಗರೇಟು ಕಚ್ಚಿಕೊಂಡು ಚರ್ಮದ ಪಟ್ಟಿಯ ಮೇಲೆ ಕತ್ತಿ ಉಜ್ಜುತ್ತಾನೆ. ಆಮೇಲೆ ಕಣ್ಣು ಕೊಯ್ಯುವ ದೃಶ್ಯ... (ಅದು ಕರುವಿನ ಕಣ್ಣು, ಹೆದರಬೇಡಿ.) ನಾನೂ ಹಳೆ ಬೆಲ್ಟನ್ನು ಕಿಟಕಿಗೆ ಕಟ್ಟಿ ಸರ್ ಸರ್ ಅಂತ ಎಳೆದೆ. ಬೆಲ್ಟು ಸೀಳಿತು, ಕತ್ತಿಯ ಬಾಯಿ ಮೊಂಡಾಯಿತು.

ನಮ್ಮ ಬೀದಿಯಲ್ಲಿ ಕಸುಬು ಬಿಟ್ಟ ಹಿರಿಯ ಕ್ಷೌರಿಕರೊಬ್ಬರಿದ್ದಾರೆ. ಉಗುರಿನ ಮೇಲೆ ಕತ್ತಿಯಾಡಿಸಿ ನಕ್ಕರು. "ಏನ್ ಮರಿ, ಸೌದೆ ಸೀಳಿದ್ಯಾ? ಪಟ್ಟಿ ಹರಿತ ಮಾಡಲ್ಲಪ್ಪ, ಇರೋ ಹರಿತಾನ ನೆಟ್ಟಗೆ ಮಾಡುತ್ತೆ. ಹರಿತ ಹುಟ್ಟೋದು ಕಲ್ಲಲ್ಲಿ."

ನೀರು ಚಿಮುಕಿಸಿದ ನುಣುಪಾದ ಕಲ್ಲು. ಕತ್ತಿಯ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿಯೇ ಇರಬೇಕು. ಬಾಯಿ ಮುಂದಾಗಿ ತಳ್ಳಬೇಕು. ಕಲ್ಲಿನ ತುದಿಗೆ ಬಂದಾಗ ಬೆನ್ನಿನ ಮೇಲೇ ಮಗುಚಿ, ಮತ್ತೆ ಬಾಯಿ ಮುಂದಾಗಿಯೇ ವಾಪಸು ತರಬೇಕು. ಬಲ ಹಾಕಿದಿರೋ ಕೆಟ್ಟಿರಿ, ಕತ್ತಿಯ ತೂಕವೇ ಹೆಚ್ಚುಕಮ್ಮಿ ಸಾಕು. ಚರ್ಮದ ಮೇಲೆ ಮಾತ್ರ ಉಲ್ಟಾ: ಬೆನ್ನು ಮುಂದೆ, ಬಾಯಿ ಹಿಂದೆ. ನಾನು ಎಡವಿದ್ದೇ ಅಲ್ಲಿ. ಎರಡು ಸಂಜೆ ಹಿಡಿಯಿತು. ಮುಂಗೈ ಕೂದಲು ಸೋಕಿದರೆ ಉದುರುವಂತಾದಾಗ ತಾತ ಕತ್ತಿ ಮಡಚಿ ಕೈಗಿಟ್ಟರು. ದುಡ್ಡು ಎಷ್ಟು ಅಂದೆ. "ಮೊದ್ಲು ಅಪ್ಪನ್ನ ಕೂರಿಸು, ಹೋಗು."

ಬಿಸಿನೀರಿನ ಬಟ್ಟೆ ಒತ್ತಿ ಸೋಪಿನ ನೊರೆ ಬಳಿದೆ. 1940ರ 'ದಿ ಗ್ರೇಟ್ ಡಿಕ್ಟೇಟರ್'ನಲ್ಲಿ ಚಾಪ್ಲಿನ್ ಬ್ರಾಮ್ಸ್‌ನ ಸಂಗೀತಕ್ಕೆ ತಕ್ಕಂತೆ ಕ್ಷೌರ ಮಾಡುತ್ತಾನಲ್ಲ, ನನ್ನ ಕೈಗೆ ಬಂದದ್ದು ಬರೀ ನಡುಕ. ಕೆನ್ನೆ ಹೇಗೋ ಮುಗಿಯಿತು. ಗಂಟಲ ಹತ್ತಿರ ಕೈ ನಿಂತೇಬಿಟ್ಟಿತು. ಅಪ್ಪ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಕೊಟ್ಟು, ಸೊಟ್ಟಬಾಯಲ್ಲೇ "ಹೂಂ, ಎಳಿ" ಅಂದರು.

ಗದ್ದದ ಕೆಳಗೆ ಒಂದೇ ಕಡೆ ರಕ್ತ ಜಿನುಗಿತು. ಪಟಿಕ ಒತ್ತಿದೆ. ಕನ್ನಡಿ ಹಿಡಿದಾಗ ಎಡಗೈಯಲ್ಲಿ ಮುಖವೆಲ್ಲ ಸವರಿಕೊಂಡು, "ಕಿವಿ ಹತ್ರ ಉಳಿಸಿದೀಯ ಕಣೋ" ಅಂದರು.