ಕೆಲಸವಿಲ್ಲದ ವರ್ಷ ಪಾಸಾದ ಮಕ್ಕಳು

"ಓದಿಸಿ ಏನ್ ಮಾಡಾದೈತಿ ಅಣ್ಣ? ಕಲಿತೋರೂ ಮನ್ಯಾಗ ಕುಂತಾರಲ್ಲ!" ಕಂಪ್ಲಿ ಸಂತೆಯಲ್ಲಿ ಪರಿಚಯದ ರೈತರೊಬ್ಬರು ಕೇಳಿದರು. ಪಿಯುಸಿ ಓದುತ್ತಿರುವ ಮಗನನ್ನು ಬಿಡಿಸಿ ಟ್ರ್ಯಾಕ್ಟರ್ ಹತ್ತಿಸುವ ಯೋಚನೆ ಅವರದು. ಈ ಪ್ರಶ್ನೆ ನಮ್ಮ ಮನೆಯಲ್ಲೂ ಎದ್ದಿತ್ತು.

2000ದ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿತು. ಸಂಡೂರು-ಹೊಸಪೇಟೆ ದಾರಿ ತುಂಬ ಲಾರಿಗಳು. ಶಾಲೆ ಬಿಟ್ಟ ಹುಡುಗರಿಗೂ ಕೈತುಂಬ ಕೆಲಸ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅಕ್ರಮಕ್ಕೆ ಕಡಿವಾಣ ಬೇಕೇ ಇತ್ತು. ಕೆಂಧೂಳು ಮೆತ್ತಿದ ಬೆಳೆ ಕಂಡವರಿಗೆ ಅದು ಗೊತ್ತು. ಆದರೆ ಆ ಹೊತ್ತಿಗೆ ಕಾಲೇಜು ಮುಗಿಸಿದ ಮಕ್ಕಳಿಗೆ ಬಾಗಿಲು ಮುಚ್ಚಿತು.

ನನ್ನ ಮಗ ಡಿಪ್ಲೊಮಾ ಪಾಸಾದದ್ದು 2012ರಲ್ಲಿ. ಎರಡು ವರ್ಷ ಅಲೆದ. ಸಿಕ್ಕಿದ್ದು ಓದಿಗೆ ಸಂಬಂಧವಿಲ್ಲದ, ಕಡಿಮೆ ಸಂಬಳದ ಕೆಲಸ. "ನಿನ್ನ ಓದಿಗೆ ಸುರಿದ ದುಡ್ಡಿಗೆ ಒಂದ್ ಬೋರ್ ಹಾಕಿಸಬಹುದಿತ್ತು" ಅಂತ ಒಮ್ಮೆ ಅಂದುಬಿಟ್ಟೆ. ಅವನು ಊಟ ಬಿಟ್ಟು ಎದ್ದುಹೋದ.

ಕಾಲುವೆ ನೀರು ತಡವಾಗಿ, ವಯಸ್ಸಾದ ಸಸಿ ನಾಟಿ ಮಾಡಿದರೆ ತೆಂಡೆ ಕಡಿಮೆ ಒಡೆಯುತ್ತದೆ. ಆಮೇಲೆ ಗೊಬ್ಬರ ಸುರಿದರೂ ಪೂರ್ತಿ ತುಂಬದು. ಕೆಲಸವೂ ಹಾಗೇ. ಮೊದಲ ಸಂಬಳ ಕಡಿಮೆಯಾದರೆ ಮುಂದಿನ ಮಾಲೀಕ ಅದನ್ನೇ ನೋಡಿ ಲೆಕ್ಕ ಹಾಕುತ್ತಾನೆ. ಕಲಿತದ್ದು ಮರೆಯುತ್ತದೆ. ಅಷ್ಟರಲ್ಲಿ ಹೊಸ ಬ್ಯಾಚು ಬರುತ್ತದೆ. ಕೆನಡಾದಲ್ಲಿ ಲೆಕ್ಕ ಹಾಕಿದಾಗ, ಕೆಟ್ಟ ಕಾಲದಲ್ಲಿ ಪದವಿ ಪಡೆದವರ ಸಂಬಳ ಉಳಿದವರ ಸಮಕ್ಕೆ ಬರಲು ಸುಮಾರು ಹತ್ತು ವರ್ಷ ಹಿಡಿದಿತ್ತು. ಒಳ್ಳೆಯ ಕಂಪನಿಗೆ ಕೆಲಸ ಬದಲಿಸಿದವರು ಬೇಗ ಚೇತರಿಸಿಕೊಂಡರು.

ನಷ್ಟ ಬರೀ ದುಡ್ಡಿನದಲ್ಲ. ಯುರೋಪಿನ ದೇಶಗಳ ಮಾಹಿತಿ ಹಿಡಿದು ಕಟ್ಲರ್, ಹುವಾಂಗ್, ಲೆರಾಸ್-ಮ್ಯೂನಿ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದಿದು: ನಿರುದ್ಯೋಗ ಹೆಚ್ಚಿದ್ದಾಗ ಓದು ಮುಗಿಸಿದವರಲ್ಲಿ ಮುಂದೆಯೂ ಆದಾಯ, ಬದುಕಿನ ತೃಪ್ತಿ ಕಡಿಮೆ, ಬೊಜ್ಜು, ಬೀಡಿ-ಸಿಗರೇಟು, ಕುಡಿತ ಹೆಚ್ಚು. ಆದರೆ ಹೆಚ್ಚು ಓದಿದವರಿಗೆ ಈ ಪೆಟ್ಟು ಕಡಿಮೆ. ಇದು ಸರಾಸರಿ ಲೆಕ್ಕ, ಯಾರ ಹಣೆಬರಹವೂ ಅಲ್ಲ.

ಅಂದರೆ ಓದು ಮಳೆ ತರಿಸುವುದಿಲ್ಲ. ಅದು ಹೊಲದ ಬದು ಇದ್ದಂತೆ. ಕೆಟ್ಟ ಮಳೆಯಲ್ಲೂ ಮಣ್ಣು ಹಿಡಿಯುತ್ತದೆ.

ನಮ್ಮ ತಮ್ಮನ ಮಗ ಎಸ್ಸೆಸ್ಸೆಲ್ಸಿ ಬಿಟ್ಟು ಟಿಪ್ಪರ್ ಓಡಿಸುತ್ತಿದ್ದ. ಗಣಿ ನಿಂತಾಗ ಅವನಿಗೆ ಬೇರೆ ದಾರಿಯೇ ಕಾಣಲಿಲ್ಲ, ಕುಡಿತಕ್ಕೆ ಬಿದ್ದ. ನನ್ನ ಮಗ ತಡವಾದರೂ ಹುಬ್ಬಳ್ಳಿಯಲ್ಲಿ ತನ್ನ ಓದಿನ ಕೆಲಸ ಹಿಡಿದ.

ಹೆತ್ತವರು ಮಾಡಬಹುದಾದದ್ದು ಇಷ್ಟು. ಮೊದಲೆರಡು ವರ್ಷ ಕಲಿತ ಕೈ ಬಿಟ್ಟುಹೋಗದಂತೆ ಅಪ್ರೆಂಟಿಸ್ ಆಗಿಯಾದರೂ ಸೇರಿಸಿ. ಊರು ಬಿಡಲು ತಡೆಯಬೇಡಿ. ರಾಜ್ಯದ ಯುವನಿಧಿ ಯೋಜನೆ 2024ರ ಜನವರಿಯಲ್ಲಿ ಹಣ ಕೊಡಲು ಶುರು ಮಾಡಿತು: ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಪಾಸಾಗಿ 180 ದಿನ ಕೆಲಸ ಸಿಗದಿದ್ದರೆ ನಿಮ್ಮ ಮಕ್ಕಳಿಗೆ ಅನ್ವಯಿಸುತ್ತದೆಯೇ ವಿಚಾರಿಸಿ. ಹುಡುಗ ಮಾತು ಬಿಟ್ಟು ಮೂಲೆ ಹಿಡಿದರೆ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಖರ್ಚಿಲ್ಲ.

ಮುಖ್ಯವಾಗಿ, ಕೆಟ್ಟ ವರ್ಷದ ತಪ್ಪನ್ನು ಮಗನ ಮೇಲೆ ಹೊರಿಸಬೇಡಿ. ಬೋರಿನ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ಸಂಕಟ ಇದೆ. ಸಂತೆಯಲ್ಲಿ ಸಿಕ್ಕವರಿಗೂ ಇಷ್ಟೇ ಹೇಳಿದೆ: "ಪರೀಕ್ಷೆ ಮುಗಿಸಲಿ ಬಿಡ್ರಿ. ಟ್ರ್ಯಾಕ್ಟರ್ ಎಲ್ಲಿ ಓಡಿಹೋಗ್ತೈತಿ?"