ಗೆರೆಯ ದಪ್ಪ

ಕಲಾವಿಭಾಗದವನಿಗೆ ಯಂತ್ರದ ಗೊಡವೆ ಏಕೆಂದು ವಾಚಕ ಮಿತ್ರರು ಕೇಳಬಹುದು. ನಾನು ಮನ್ನಳ್ಳಿಯ ಬಡಿಗರ ಮಗ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ. ಓದಿಸಿದರೆ ಮಗ ಕಸುಬಿಗೆ ಎರವಾಗುವನೆಂಬ ಅಳುಕು ಅಪ್ಪನಿಗಿತ್ತು. ಕಸುಬು ಬಿಟ್ಟು ಮೇಲೇರಿದೆನೆಂಬ ಭಾವ, ಮುಚ್ಚಿಡುವುದೇಕೆ, ನನಗೂ ಇತ್ತು. ಕಳೆದ ಬೇಸಿಗೆಯಲ್ಲಿ ಬೀದರಿನ ಒಂದು ಕಾರ್ಯಾಗಾರದಲ್ಲಿ ಕಂಪ್ಯೂಟರಿನಲ್ಲಿ ನಕ್ಷೆ ಬರೆದು ಲೇಸರಿನಿಂದ ಕತ್ತರಿಸುವುದನ್ನು ಕಲಿತೆ.

ಇಂಕ್‌ಸ್ಕೇಪ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಬರೆದ ಗೆರೆಯು ಛಾಯಾಚಿತ್ರದಂತೆ ಚುಕ್ಕೆಗಳ ರಾಶಿಯಲ್ಲ, ಬಿಂದುಗಳ ನಡುವಿನ ಲೆಕ್ಕ. ಎಷ್ಟು ಹಿಗ್ಗಿಸಿದರೂ ಅಂಚು ಒರಟಾಗದು. ಆ ಗೆರೆಯ ಮೇಲೆಯೇ ಯಂತ್ರ ಕಿರಣವನ್ನು ನಡೆಸುತ್ತದೆ. ಇಂಗಾಲದ ಡೈ ಆಕ್ಸೈಡ್ ಅನಿಲದ ನಳಿಗೆಯಲ್ಲಿ ಹುಟ್ಟುವ ಈ ಕಿರಣ ಕಣ್ಣಿಗೆ ಕಾಣದು. ಕನ್ನಡಿಗಳಿಂದ ತಿರುಗಿ, ಮಸೂರದಿಂದ ಒಂದು ಬಿಂದುವಿನಲ್ಲಿ ಕೂಡಿ, ಪ್ಲೈವುಡ್ಡನ್ನು ಸುಟ್ಟು ಹೊಗೆಯಾಗಿಸುತ್ತದೆ. ಬೆಳ್ಳಿಯ ಮೇಲೆ ಬಿದ್ದರೆ ಬಹುಪಾಲು ಹಿಂದಕ್ಕೆ ಚಿಮ್ಮುತ್ತದೆ. ನಮ್ಮ ಬಿದರಿ ಕೆಲಸಗಾರರ ಉಳಿಗೆ ಈ ಯಂತ್ರದಿಂದ ಭಯವಿಲ್ಲ!

ಲೇಖನಿಯ ಪೆಟ್ಟಿಗೆಯೊಂದನ್ನು ಮಾಡಹೊರಟೆ. 3 ಮಿ.ಮೀ. ಹಲಗೆ, 10 ಮಿ.ಮೀ. ಅಗಲದ ಹಲ್ಲು, ಅದು ಕೂರಲು 10 ಮಿ.ಮೀ. ಕಚ್ಚು. ತೆರೆಯ ಮೇಲೆ ಕೂದಲೆಳೆಯ ಸಂದೂ ಇರಲಿಲ್ಲ. ಕತ್ತರಿಸಿ ಜೋಡಿಸಿದರೆ ಪೆಟ್ಟಿಗೆ ಗಡಗಡ ಅಲುಗಾಡಿತು. ಮೂರು ಸಲ ನಕ್ಷೆ ನೋಡಿದೆ, ತಪ್ಪು ಸಿಗಲಿಲ್ಲ. ಅದನ್ನೇ ಮನೆಗೆ ಒಯ್ದೆ. ಕಂಪ್ಯೂಟರನ್ನು ಮುಟ್ಟಿಯೇ ಅರಿಯದ ಅಪ್ಪ ಕೈಯಲ್ಲಿ ತಿರುಗಿಸಿ ನೋಡಿ, "ಗರಗಸ ತಿಂದದ್ದು ಯಾವ ಲೆಕ್ಕದಾಗ ಹಿಡದಿ?" ಅಂದರು.

ಕಿರಣವೂ ಗರಗಸದಂತೆ ತಿನ್ನುತ್ತದೆ! ಮರುದಿನ 50 ಮಿ.ಮೀ. ಚೌಕವೊಂದನ್ನು ಕತ್ತರಿಸಿ ಅಳೆದೆ: 49.8. ಎಂದರೆ ಪ್ರತಿ ಅಂಚಿನಲ್ಲಿ 0.1 ಹೋಗಿತ್ತು. ಹಲ್ಲು 9.8ಕ್ಕೆ ಸವೆದು, ಕಚ್ಚು 10.2ಕ್ಕೆ ಹಿಗ್ಗಿ, ನಡುವೆ 0.4 ಸಂದು. ಆದುದರಿಂದ ಹೊರಗೆರೆಯನ್ನು ಎಲ್ಲೆಡೆ 0.1 ಹೊರಕ್ಕೆ ಸರಿಸಿದೆ. ಹಲಗೆ ಅಥವಾ ವೇಗ ಬದಲಾದರೆ ಈ ಲೆಕ್ಕವೂ ಬದಲು. ಮತ್ತೊಂದು ಚೌಕವನ್ನು ಬಲಿಕೊಡಲೇಬೇಕು.

ಮುಚ್ಚಳಕ್ಕೆ ಬಿದರಿಯ ಹೂಬಳ್ಳಿ. ಬಿದರಿಯಲ್ಲಿ ಸತು-ತಾಮ್ರದ ಎರಕದೊಳಗೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಎರಕವನ್ನು ಕಪ್ಪಾಗಿಸುತ್ತಾರೆ, ಬೆಳ್ಳಿ ಕಪ್ಪಾಗದು. ನಾನು ಹಿನ್ನೆಲೆಯನ್ನು ಕಿರಣದಿಂದ ಸುಟ್ಟು ಹೂವನ್ನು ಮರದ ಬಣ್ಣದಲ್ಲಿಯೇ ಉಳಿಸಿದೆ. ಹೊರಗೆರೆಯನ್ನು ಕಡೆಗೆ ಕತ್ತರಿಸಬೇಕು, ಬಿಡಿಯಾದ ತುಂಡು ಜರುಗುತ್ತದೆ. ಪಿ.ವಿ.ಸಿ. ಹಾಳೆಯನ್ನಂತೂ ಯಂತ್ರದಲ್ಲಿಡಲೇಬಾರದು, ಅದರ ಆಮ್ಲದ ಹೊಗೆ ಶ್ವಾಸಕ್ಕೂ ಯಂತ್ರಕ್ಕೂ ಕೇಡು.

ಎರಡನೆಯ ಪೆಟ್ಟಿಗೆಯನ್ನು ಅಪ್ಪನೇ ಕೊಡತಿಯಿಂದ ಮೆಲ್ಲನೆ ತಟ್ಟಿ ಕೂರಿಸಿದರು. ಈಗ ಅದರಲ್ಲಿ ಅವರ ಪೆನ್ಸಿಲುಗಳಿವೆ. ನನ್ನ ಲೇಖನಿಗೆ ಇನ್ನೊಂದು ಆಗಬೇಕಾಗಿದೆ.