ಪಿಕಪ್ ಕೊಳ್ಳುವ ಮೊದಲು ಮನೆಯಲ್ಲೊಂದು ಲೆಕ್ಕ

“ಉಮ್ಮಾ, ಇಲ್ಲೊಂದು ಸಹಿ ಹಾಕಿ.”

ಸಂಜೆಯ ಚಹಾದ ಹೊತ್ತಿಗೆ ಮಗ ನಾಲ್ಕಾರು ಕಾಗದಗಳನ್ನು ತಾಯಿಯ ಮುಂದಿಡುತ್ತಾನೆ. ಗಲ್ಫಿನಿಂದ ಮರಳಿ ಆರು ತಿಂಗಳಾಗಿದೆ. ಕೈಯಲ್ಲಿದ್ದ ಹಣ ಕರಗುತ್ತಿದೆ. ಪಕ್ಕದ ಮನೆಯವರ ಹುಡುಗ ಪಿಕಪ್ ಓಡಿಸಿ ಚೆನ್ನಾಗಿ ಸಂಪಾದಿಸುತ್ತಾನಂತೆ. ತಾನೂ ಒಂದು ಕೊಳ್ಳುತ್ತೇನೆ, ಸಾಲಕ್ಕೆ ಜಾಮೀನು ಬೇಕು ಎನ್ನುತ್ತಾನೆ. ಮುಂಗಡಕ್ಕೆ ಸೊಸೆಯ ಬಳೆಗಳು ಸಾಕು. ತಾಯಿ ಕನ್ನಡಕ ಹುಡುಕುತ್ತಾಳೆ. ಓದಲಿಕ್ಕಲ್ಲ, ಸಹಿ ಹಾಕುವ ಜಾಗ ಕಾಣಲಿಕ್ಕೆ!

ಇಂತಹ ಸಂಜೆ ನಮ್ಮ ಅನೇಕ ಮನೆಗಳಿಗೆ ಹೊಸದಲ್ಲ. ದುಡಿದು ತಿನ್ನಬೇಕೆಂಬ ಹುಡುಗನ ಆಸೆ ಒಳ್ಳೆಯದೇ. ಮೀನು, ತರಕಾರಿ, ಸಿಮೆಂಟು, ಅಡಿಕೆ, ಹಾಲು, ಮನೆ ಸಾಮಾನು ಎಲ್ಲವೂ ಒಂದಲ್ಲ ಒಂದು ಪಿಕಪ್‌ನಲ್ಲಿಯೇ ನಮ್ಮ ಬಾಗಿಲಿಗೆ ಬರುತ್ತವೆ. ಆದರೆ ವಾಹನವನ್ನು ಹೇಗೆ ಆರಿಸಬೇಕು ಎಂಬ ಚರ್ಚೆ ಶೋರೂಮಿನಲ್ಲಿ ಗಂಡಸರ ನಡುವೆ ಮುಗಿದು ಹೋಗುತ್ತದೆ. ಬಳೆ ಕೊಟ್ಟವಳಿಗೂ ಸಹಿ ಹಾಕಿದವಳಿಗೂ ಅದರಲ್ಲಿ ಪಾಲಿಲ್ಲ. ತಪ್ಪು ವಾಹನ ಬಂದರೆ ನಷ್ಟದಲ್ಲಿ ಮಾತ್ರ ಅವರಿಗೆ ಪೂರ್ತಿ ಪಾಲು. ಇದು ಯಂತ್ರದ ವಿದ್ಯೆಯಲ್ಲ. ಅಕ್ಕಿ ಅಳೆಯಲು ಬಲ್ಲವರಿಗೆ ಅರ್ಥವಾಗುವ ಲೆಕ್ಕ.

ಮೊದಲು ಹೊರೆ, ಆಮೇಲೆ ವಾಹನ

“ಯಾವ ಗಾಡಿ ಒಳ್ಳೆಯದು?” ಎಂಬುದು ಮೊದಲ ಪ್ರಶ್ನೆಯಾಗಬಾರದು. “ಏನನ್ನು ಹೊರಬೇಕು, ಎಷ್ಟು ತೂಕ, ಎಷ್ಟು ದೂರ, ಎಂತಹ ರಸ್ತೆ?” ಎಂಬುದೇ ಮೊದಲ ಪ್ರಶ್ನೆ. ಪೆಟ್ಟಿಗೆ ದೊಡ್ಡದಿದ್ದರೆ ಹೆಚ್ಚು ಹೊರುತ್ತದೆ ಎಂಬುದು ನಮ್ಮಲ್ಲಿರುವ ದೊಡ್ಡ ತಪ್ಪು ತಿಳಿವಳಿಕೆ. ಪೆಟ್ಟಿಗೆ ಹೇಳುವುದು ಜಾಗವನ್ನು, ತೂಕವನ್ನಲ್ಲ.

ಒಂದು ಉದಾಹರಣೆ ನೋಡೋಣ. ಪಿಕಪ್‌ನ ಪೆಟ್ಟಿಗೆ 9 ಅಡಿ ಉದ್ದ, ಐದೂವರೆ ಅಡಿ ಅಗಲ ಇದೆ ಎಂದುಕೊಳ್ಳಿ. ಅದರಲ್ಲಿ ಕೇವಲ ಒಂದು ಅಡಿ ಎತ್ತರಕ್ಕೆ ಮರಳು ತುಂಬಿದರೆ ಸುಮಾರು 50 ಘನ ಅಡಿ. ಒಂದು ಘನ ಅಡಿ ಮರಳಿಗೆ ಹತ್ತಿರ ಹತ್ತಿರ 45 ಕೆ.ಜಿ. ತೂಕ. ಅಂದರೆ ಒಟ್ಟು ಎರಡೂಕಾಲು ಟನ್! ಪೆಟ್ಟಿಗೆ ಇನ್ನೂ ಅರ್ಧ ಖಾಲಿ ಕಾಣುತ್ತದೆ, ಆದರೆ ಒಂದೂಕಾಲು ಟನ್ ಹೊರಲು ಮಾಡಿದ ವಾಹನದ ಮೇಲೆ ಆಗಲೇ ಒಂದು ಟನ್ ಹೆಚ್ಚುವರಿ ಭಾರ ಬಿದ್ದಿದೆ. ಅದೇ ಪೆಟ್ಟಿಗೆಯಲ್ಲಿ ಹಾಸಿಗೆ, ದಿಂಬು, ಪ್ಲಾಸ್ಟಿಕ್ ಕುರ್ಚಿಗಳನ್ನು ಆಳೆತ್ತರ ಪೇರಿಸಿದರೂ ಅರ್ಧ ಟನ್ ಆಗಲಾರದು.

ಆದ್ದರಿಂದ ಒಂದು ಹಾಳೆಯಲ್ಲಿ ಬರೆಯಿರಿ. ಸಿಮೆಂಟು ಚೀಲ 50 ಕೆ.ಜಿ.; ಇಪ್ಪತ್ತು ಚೀಲಕ್ಕೆ ಒಂದು ಟನ್. ನೀರು ಲೀಟರಿಗೆ ಒಂದು ಕೆ.ಜಿ.; ಸಾವಿರ ಲೀಟರ್ ಟ್ಯಾಂಕಿಗೆ ಒಂದು ಟನ್, ಟ್ಯಾಂಕಿನ ತೂಕ ಬೇರೆ. ಮನೆಗೆ ಬರುವ ಅಡುಗೆ ಅನಿಲದ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲ, ಉಕ್ಕು ಸೇರಿದರೆ ಅದರ ಎರಡರಷ್ಟು. ದೊಡ್ಡ ಅಳತೆಯ ಒಂದು ಕೆಂಪುಕಲ್ಲು ಮೂವತ್ತು ಕೆ.ಜಿ. ದಾಟುತ್ತದೆ. ಮೀನು ಸಾಗಿಸುವುದಾದರೆ ಮಂಜುಗಡ್ಡೆಯ ತೂಕವನ್ನೂ ಸೇರಿಸಬೇಕು.

ಆರ್.ಸಿ.ಯಲ್ಲಿರುವ ಎರಡು ಸಂಖ್ಯೆಗಳು

ವಾಹನದ ನೋಂದಣಿ ಪುಸ್ತಕದಲ್ಲಿ, ಅಂದರೆ ಆರ್.ಸಿ.ಯಲ್ಲಿ, ಎರಡು ತೂಕಗಳಿರುತ್ತವೆ. ಒಂದು ಖಾಲಿ ವಾಹನದ ತೂಕ. ಇನ್ನೊಂದು ಹೊರೆ ಸಮೇತ ಇರಬಹುದಾದ ಗರಿಷ್ಠ ತೂಕ. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಉಳಿದದ್ದೇ ವಾಹನ ಹೊರಬಹುದಾದ ಭಾರ.

ಆದರೆ ಆ ಉಳಿಕೆ ಪೂರ್ತಿಯಾಗಿ ಸರಕಿಗೆ ಸಿಗುವುದಿಲ್ಲ. ಗರಿಷ್ಠ ತೂಕ 2,800 ಕೆ.ಜಿ., ಖಾಲಿ ತೂಕ 1,500 ಕೆ.ಜಿ. ಎಂದಿಟ್ಟುಕೊಳ್ಳಿ. ಉಳಿಕೆ 1,300. ಚಾಲಕ ಮತ್ತು ಸಹಾಯಕ ಸೇರಿ 130 ಕೆ.ಜಿ. ಹೋಯಿತು. ಆಮೇಲೆ ಕಟ್ಟಿಸಿದ ಕಬ್ಬಿಣದ ಚೌಕಟ್ಟು, ಟಾರ್ಪಾಲು, ಹಗ್ಗ, ಜಾಕ್ ಎಂದು ಇನ್ನೂ 120 ಕೆ.ಜಿ. ಹೋದರೆ ಉಳಿಯುವುದು 1,050. ಅಂದರೆ 21 ಚೀಲ ಸಿಮೆಂಟು. “ಒಂದೂವರೆ ಟನ್ ಆರಾಮವಾಗಿ ಹೋಗುತ್ತದೆ” ಎಂದು ಶೋರೂಮಿನಲ್ಲೋ ಸಂತೆಯಲ್ಲೋ ಯಾರು ಹೇಳಿದರೂ ಈ ಕಳೆಯುವ ಲೆಕ್ಕ ಮಾಡಿಯೇ ನಂಬಬೇಕು.

ಗರಿಷ್ಠ ತೂಕದ ಸಂಖ್ಯೆಗೆ ಇನ್ನೂ ಎರಡು ಉಪಯೋಗಗಳಿವೆ. ಗರಿಷ್ಠ ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪರ್ಮಿಟ್ ಬೇಕಿಲ್ಲ. ಇನ್ನು 7,500 ಕೆ.ಜಿ. ಮೀರದ ಸರಕು ವಾಹನವನ್ನು ಲಘು ಮೋಟಾರು ವಾಹನದ ಲೈಸೆನ್ಸ್ ಇರುವವರು ಓಡಿಸಬಹುದು, ಬೇರೆ ಅನುಮೋದನೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ.

ಯಾವ ಕೆಲಸಕ್ಕೆ ಯಾವುದು?

ನಮ್ಮ ದೇಶದಲ್ಲಿ ಸಣ್ಣ ಸರಕು ವಾಹನಗಳ ಚಿತ್ರ ಬದಲಾದುದು 2005ರಲ್ಲಿ, ಟಾಟಾ ಏಸ್ ಬಂದಾಗ. ಮುಕ್ಕಾಲು ಟನ್ ಹೊರುವ ಈ ಪುಟ್ಟ ವಾಹನವನ್ನು ಜನರು ‘ಛೋಟಾ ಹಾಥಿ’ ಎಂದು ಕರೆದರು. ಅದೇ ಗಾತ್ರದ ಮಾರುತಿ ಸೂಪರ್ ಕ್ಯಾರಿ 2016ರಲ್ಲಿ ಬಂತು. ಪೇಟೆಯ ಓಣಿಗಳಲ್ಲಿ ಹಾಲು, ತರಕಾರಿ, ಬೇಕರಿ ತಿನಿಸು, ನೀರಿನ ಬಾಟಲಿ ತಲುಪಿಸುವವರಿಗೆ ಈ ವರ್ಗ ಸಾಕು. ತಿರುಗಿಸಲು ಸುಲಭ, ಟೈರಿನ ಖರ್ಚೂ ಕಡಿಮೆ.

ಒಂದು ಟನ್ ಮತ್ತು ಅದಕ್ಕಿಂತ ಮೇಲಿನದು ಎರಡನೆಯ ವರ್ಗ. 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್, 2019ರಲ್ಲಿ ಬಂದ ಟಾಟಾ ಇಂಟ್ರಾ, ಹಳ್ಳಿ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ಮಹೀಂದ್ರಾ ಬೊಲೆರೋ ಪಿಕಪ್ ಈ ಸಾಲಿನವು. ಒಂದೇ ಹೆಸರಿನಲ್ಲಿ ಒಂದೂಕಾಲು, ಒಂದೂವರೆ ಟನ್ ಎಂದು ಹಲವು ಬಗೆಗಳಿರುತ್ತವೆ. ಆದ್ದರಿಂದ ಹೆಸರಿಗಲ್ಲ, ಆ ಬಗೆಯ ತೂಕದ ಸಂಖ್ಯೆಗೆ ಬೆಲೆ ಕೊಡಬೇಕು. ಸಿಮೆಂಟು, ಕಲ್ಲು, ಅಡಿಕೆ ಚೀಲಗಳಿಗೆ, ತೋಟದ ಏರುರಸ್ತೆಗಳಿಗೆ ಇವು ಯೋಗ್ಯ. ದಿನವೂ ಎರಡು ಟನ್ ಹೊರುವ ಕೆಲಸ ಖಚಿತವಾಗಿದ್ದರೆ ಪಿಕಪ್ ಅನ್ನು ಹಿಂಡುವ ಬದಲು ಅದಕ್ಕಿಂತ ದೊಡ್ಡ ವಾಹನಕ್ಕೇ ಹೋಗುವುದು ಲಾಭ.

ಇಂಧನದ ವಿಷಯದಲ್ಲೂ ರಸ್ತೆಯೇ ತೀರ್ಪು ಕೊಡುತ್ತದೆ. ಹತ್ತಿರದಲ್ಲೇ ಸಿ.ಎನ್.ಜಿ. ಬಂಕ್ ಇದ್ದು ಪೇಟೆಯೊಳಗೇ ಓಡಾಟವಾದರೆ ಅದು ಖರ್ಚು ಉಳಿಸೀತು. ಆದರೆ ಅನಿಲದ ಟ್ಯಾಂಕು ತೂಕದ್ದು, ಹೊರುವ ಶಕ್ತಿಯಲ್ಲಿ ಸ್ವಲ್ಪವನ್ನು ಅದು ತಿನ್ನುತ್ತದೆ. ಭಾರ ಹೊತ್ತು ಘಾಟಿ ಹತ್ತುವವರಿಗೆ ಡೀಸೆಲ್ ಎಂಜಿನ್ನಿನ ಎಳೆತ ಅನುಕೂಲ. ದಿನಕ್ಕೆ ಇಂತಿಷ್ಟೇ ಕಿಲೋಮೀಟರ್ ಎಂದು ನಿಗದಿಯಾಗಿರುವವರು ಬ್ಯಾಟರಿ ವಾಹನವನ್ನೂ ವಿಚಾರಿಸಬಹುದು.

ಹೊರುವುದು ಬೇರೆ, ಎಳೆಯುವುದು ಬೇರೆ. ಕಾಂಕ್ರೀಟ್ ಮಿಕ್ಸರ್ ಅಥವಾ ಟ್ರೇಲರನ್ನು ಹಿಂದೆ ಕಟ್ಟಿ ಎಳೆಯುವ ಉದ್ದೇಶವಿದ್ದರೆ ಕಂಪೆನಿ ಅದಕ್ಕೆ ಅನುಮತಿಸಿದೆಯೇ, ಎಷ್ಟು ತೂಕದವರೆಗೆ ಎಂದು ಬರಹದಲ್ಲೇ ಕೇಳಿ ಪಡೆಯಬೇಕು. ಟ್ರೇಲರಿನ ಮೂತಿ ಕೊಕ್ಕೆಯ ಮೇಲೆ ಊರುವ ಭಾರವೂ ವಾಹನದ ಹೊರೆಗೆ ಸೇರುತ್ತದೆ. ಇಳಿಜಾರಿನಲ್ಲಿ ಹಿಂದಿನದು ಮುಂದಿನದನ್ನು ದೂಡುತ್ತದೆ. ಬಂಪರಿಗೆ ಬೆಸುಗೆ ಹಾಕಿದ ಕೊಕ್ಕೆಯನ್ನು ನಂಬಿ ಯಾರೂ ರಸ್ತೆಗಿಳಿಯಬಾರದು.

ಪ್ಲೇಟು ಸೇರಿಸಿದರೆ ಬ್ರೇಕು ಬಲವಾಗುವುದಿಲ್ಲ

ಹೊಸ ಪಿಕಪ್ ಬಂದ ವಾರದಲ್ಲೇ ಗ್ಯಾರೇಜಿಗೆ ಹೋಗಿ ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟು ಹೆಚ್ಚಿಸುವ ಅಭ್ಯಾಸ ನಮ್ಮಲ್ಲಿದೆ. ಆಮೇಲೆ ಎಷ್ಟು ತುಂಬಿದರೂ ಹಿಂಭಾಗ ಕುಸಿಯುವುದಿಲ್ಲ. ನೋಡುವವರಿಗೆ ವಾಹನ ಬಲಿಷ್ಠವಾಯಿತು ಎನಿಸುತ್ತದೆ. ಆದರೆ ಬ್ರೇಕು ಅದೇ, ಆ್ಯಕ್ಸಲ್ ಅದೇ, ಟೈರೂ ಅದೇ. ಕುಸಿದ ಹಿಂಭಾಗವಾದರೂ “ಸಾಕು” ಎಂದು ಎಚ್ಚರಿಸುತ್ತಿತ್ತು. ಪ್ಲೇಟು ಸೇರಿಸಿ ಆ ಎಚ್ಚರಿಕೆಯ ಬಾಯಿಯನ್ನೂ ಮುಚ್ಚಿದಂತಾಯಿತು.

ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ಇಳಿಜಾರನ್ನು ನೆನೆಸಿಕೊಳ್ಳಿ. ಹೆಚ್ಚು ಭಾರದ ವಾಹನವನ್ನು ಬ್ರೇಕಿನಿಂದಲೇ ಹಿಡಿಯುತ್ತಾ ಬಂದರೆ ಬ್ರೇಕು ಕಾಯುತ್ತದೆ. ವಿಪರೀತ ಕಾದ ಬ್ರೇಕಿಗೆ ಹಿಡಿತ ಕಡಿಮೆ. ಒತ್ತಿದರೂ ವಾಹನ ನಿಲ್ಲದ ಆ ಗಳಿಗೆಯಲ್ಲಿ ಎದುರಿನಿಂದ ಶಾಲೆಯ ಬಸ್ಸು ಬರುತ್ತಿರಬಹುದು. ಹತ್ತಲು ಬೇಕಾಗುವ ಸಣ್ಣ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತು ಇದಕ್ಕಾಗಿಯೇ. ವೇಗ ಇಮ್ಮಡಿಯಾದರೆ ಬ್ರೇಕು ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟು ಆಗುತ್ತದೆ.

ಕಾನೂನೂ ಸುಮ್ಮನಿಲ್ಲ. 2019ರ ತಿದ್ದುಪಡಿಯ ನಂತರ ಹೆಚ್ಚು ಭಾರಕ್ಕೆ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ. ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಸ್ಥಳದಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು ಆಯಾ ರಾಜ್ಯ ಸರಕಾರ ನಿಗದಿಪಡಿಸುತ್ತದೆ. ಹೆಚ್ಚುವರಿ ಸರಕನ್ನು ಇಳಿಸದೆ ವಾಹನ ಮುಂದೆ ಹೋಗುವಂತಿಲ್ಲ, ಇಳಿಸುವ ಖರ್ಚೂ ನಮ್ಮದೇ. ಒಂದು ಟ್ರಿಪ್ಪಿನಲ್ಲಿ ಐನೂರು ರೂಪಾಯಿ ಹೆಚ್ಚು ಗಳಿಸಲು ಹೋಗಿ ತಿಂಗಳ ಕಂತನ್ನೇ ಕಳೆದುಕೊಳ್ಳುವ ವ್ಯಾಪಾರವಿದು.

ಹಿಂಬದಿಯಲ್ಲಿ ಮನೆಮಂದಿ

ಈ ಮಾತನ್ನು ವಿಶೇಷವಾಗಿ ನಾವೇ ಕೇಳಿಸಿಕೊಳ್ಳಬೇಕು. ಮನೆಯಲ್ಲಿ ಪಿಕಪ್ ಇದೆ, ಮದುವೆಗೆ ಬೇರೆ ವಾಹನ ಏಕೆ? ಚಾಪೆ ಹಾಸಿ ಹೆಂಗಸರನ್ನೂ ಮಕ್ಕಳನ್ನೂ ಹಿಂಬದಿಯಲ್ಲಿ ಕೂರಿಸಿದರಾಯಿತು! ಹಿಡಿಯಲು ಆಸರೆಯಿಲ್ಲ, ಬೆಲ್ಟಿಲ್ಲ, ಮೇಲ್ಛಾವಣಿಯಿಲ್ಲ. ವಾಹನ ಮಗುಚಿದರೆ ಎಲ್ಲರೂ ಹೊರಗೆ. ಸರಕು ವಾಹನದಲ್ಲಿ ಹೀಗೆ ಜನರನ್ನು ಸಾಗಿಸುವುದು ನಿಯಮಬಾಹಿರ.

ಹಲವರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿ ಕುಳಿತ ಪ್ರಯಾಣಿಕರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪೆನಿಯದಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ತೀರ್ಪು ನೀಡಿದೆ. ಸರಕಿನ ಮಾಲಕ ಅಥವಾ ಅವನ ಅಧಿಕೃತ ಪ್ರತಿನಿಧಿ ಸರಕಿನೊಡನೆ ಹೋಗುವುದು ಬೇರೆ ಮಾತು. ಮದುವೆ ದಿಬ್ಬಣಕ್ಕೆ ಆ ರಕ್ಷಣೆಯಿಲ್ಲ. ಅಪಘಾತವಾದರೆ ಪರಿಹಾರದ ಹೊರೆ ಕೊನೆಗೆ ವಾಹನದ ಮಾಲಕನ ಮೇಲೆಯೇ ಬರುತ್ತದೆ. ಸತ್ತವರೂ ನಮ್ಮವರು, ಸಾಲಗಾರರೂ ನಮ್ಮವರು. “ನಾವು ಹಿಂದೆ ಹತ್ತುವುದಿಲ್ಲ” ಎಂದು ಮನೆಯ ಹೆಂಗಸರು ಒಂದು ಸಲ ಗಟ್ಟಿಯಾಗಿ ಹೇಳಿದರೆ ಸಾಕು, ಆ ಮನೆಯಲ್ಲಿ ಈ ಅಭ್ಯಾಸ ನಿಲ್ಲುತ್ತದೆ.

ಸಹಿ ಹಾಕುವ ಮುನ್ನ

ಈಗ ಹಣದ ಲೆಕ್ಕ. ಕಂತು ತಿಂಗಳಿಗೆ 16,000 ಎಂದುಕೊಳ್ಳೋಣ. ವಿಮೆ, ತೆರಿಗೆ, ಫಿಟ್‌ನೆಸ್ ಎಂದು ತಿಂಗಳಿಗೆ 4,000 ಎತ್ತಿಡಬೇಕು. ಟೈರು, ಸರ್ವಿಸ್, ರಿಪೇರಿಗೆ 5,000. ಮನೆ ಖರ್ಚಿಗೆ 15,000. ಒಟ್ಟು 40,000. ತಿಂಗಳಿಗೆ 22 ದಿನ ಬಾಡಿಗೆ ಸಿಕ್ಕರೆ ದಿನವೊಂದಕ್ಕೆ ಇಂಧನದ ಖರ್ಚು ಕಳೆದು ಸುಮಾರು 1,800 ರೂಪಾಯಿ ಉಳಿಯಲೇಬೇಕು. ಉಳಿಯುತ್ತದೆಯೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಕಟ್ಟಡ ಕೆಲಸ ಕಡಿಮೆಯಾದಾಗಲೂ ಉಳಿಯುತ್ತದೆಯೇ? ಹೋಗುವಾಗ ತುಂಬಿ ಹೋದ ವಾಹನ ಬರುವಾಗ ಖಾಲಿ ಬಂದರೆ? ಸಂಖ್ಯೆಗಳು ನಿಮ್ಮ ಊರಿನವೇ ಆಗಿರಲಿ. ಆದರೆ ಲೆಕ್ಕ ಸಾಲದ ಮೊದಲು ಆಗಲಿ. ಕಂತು ಕಟ್ಟಲಾಗದವನೇ ಮುಂದೆ ಹೆಚ್ಚು ಭಾರ ತುಂಬುತ್ತಾನೆ, ನಿದ್ದೆಗೆಟ್ಟು ಓಡಿಸುತ್ತಾನೆ. ಸಾಲದ ಭಾರ ಹೀಗೆ ವಾಹನದ ಮೇಲೂ ಬೀಳುತ್ತದೆ.

ಜಾಮೀನಿನ ಸಹಿ ಎಂದರೆ ಬರೀ ಸಾಕ್ಷಿಯ ಸಹಿಯಲ್ಲ. ಬೇರೆ ಕರಾರಿಲ್ಲದಿದ್ದರೆ ಸಾಲ ಪಡೆದವನಿಗಿರುವಷ್ಟೇ ಹೊಣೆ ಜಾಮೀನುದಾರರಿಗೂ ಇದೆ ಎಂದು ಭಾರತೀಯ ಕರಾರು ಕಾಯ್ದೆ ಹೇಳುತ್ತದೆ. ಆದ್ದರಿಂದ ಖಾಲಿ ಕಾಗದಕ್ಕೆ ಸಹಿ ಬೇಡ. ಓದಿ ಹೇಳಲು ಒಬ್ಬರನ್ನು ಕರೆಯಿರಿ, ಪ್ರತಿಯೊಂದನ್ನು ಮನೆಯಲ್ಲಿಟ್ಟುಕೊಳ್ಳಿ. ಸೊಸೆಯ ಬಳೆ ಅವಳದು. ಅವಳ ಮನಃಪೂರ್ವಕ ಒಪ್ಪಿಗೆ ಮತ್ತು ಯಾವಾಗ ಮರಳಿಸುವುದೆಂಬ ಬರಹ ಎರಡೂ ಬೇಕು.

ಬಡ್ಡಿಯ ಸಾಲ ಬೇಡವೆನ್ನುವವರು ಕೈಯಲ್ಲಿರುವ ಹಣಕ್ಕೆ ತಕ್ಕ ಹಳೆಯ ಸಣ್ಣ ವಾಹನದಿಂದ ಆರಂಭಿಸಬಹುದು. ಆಗ ಸಾಲ ತೀರಿದ ಪತ್ರ, ಬಾಕಿ ದಂಡ, ವಿಮೆ, ಫಿಟ್‌ನೆಸ್ ನೋಡಲೇಬೇಕು. ಸರಕು ವಾಹನದ ಫಿಟ್‌ನೆಸ್ ಮೊದಲ ಎಂಟು ವರ್ಷ ಎರಡೆರಡು ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ ಆಗಬೇಕು. ಆರ್.ಸಿ. ನಮ್ಮ ಹೆಸರಿಗೆ ಬದಲಾಗುವವರೆಗೆ ವ್ಯಾಪಾರ ಮುಗಿದಿಲ್ಲವೆಂದೇ ತಿಳಿಯಬೇಕು. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಸ್ವಾವಲಂಬಿ ಸಾರಥಿ’ ಯೋಜನೆಯಲ್ಲಿ ಸರಕು ವಾಹನಕ್ಕೂ ಸಹಾಯಧನದ ಅವಕಾಶವಿದೆ. ಅರ್ಜಿ ಕರೆದಾಗ ಆ ವರ್ಷದ ನಿಯಮಗಳನ್ನು ನಿಗಮದ ಜಿಲ್ಲಾ ಕಚೇರಿಯಲ್ಲಿ ನೇರವಾಗಿ ವಿಚಾರಿಸಿ. ದಲ್ಲಾಳಿಯ ಅಗತ್ಯವಿಲ್ಲ.

ಮತ್ತೆ ಆ ಸಂಜೆಗೆ ಬರೋಣ. ಮಗ ಕಾಗದ ಚಾಚಿದ್ದಾನೆ. ತಾಯಿ ಕನ್ನಡಕ ಹಾಕಿಕೊಂಡು ಪೆನ್ನಿನ ಬದಲು ಪೆನ್ಸಿಲು ಎತ್ತಿಕೊಳ್ಳಲಿ. “ಮಗಾ, ಕುಳಿತುಕೋ. ದಿನಕ್ಕೆ ಏನು ಹೊರುತ್ತೀ? ಎಷ್ಟು ತೂಕ? ಆರ್.ಸಿ.ಯಲ್ಲಿ ಎಷ್ಟಿದೆ? ಮಳೆಗಾಲದ ಕಂತು ಎಲ್ಲಿಂದ?” ಎಂದು ಕೇಳಲಿ. ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವಿದ್ದರೆ ಸಂತೋಷದಿಂದ ಸಹಿ ಹಾಕಲಿ. ಇಲ್ಲದಿದ್ದರೆ ಕಾಗದ ಇನ್ನೊಂದು ವಾರ ಕಪಾಟಿನಲ್ಲೇ ಇರಲಿ. ಒಂದು ವಾರ ತಡವಾದರೆ ಏನೂ ಕೆಡುವುದಿಲ್ಲ. ಮಗ ರಾತ್ರಿ ಸುರಕ್ಷಿತವಾಗಿ ಮನೆಗೆ ಮರಳುವುದು ಮುಖ್ಯ.